ತುಣುಕಾಗಿ ಉಳಿದ ಗಡ್ಡಪ್ಪ

ರಾಮ್ ರೆಡ್ಡಿಯವರ ‘ತಿಥಿ’ ಚಿತ್ರಕ್ಕೆ ಮನ್ನಣೆ ಕಡಿಮೆಯಾಗಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್, ಬಳಿಕ ರಾಷ್ಟ್ರಪ್ರಶಸ್ತಿ, 2016ರಲ್ಲಿ ಬಿಡುಗಡೆ. ಕಡಿಮೆಯಾದದ್ದು ಅದನ್ನು ಇಡಿಯಾಗಿ ನೋಡುವ ನೋಟ. ಇವತ್ತು ಬೆಂಗಳೂರಿನ ಮೆಟ್ರೊದಲ್ಲಿರುವವರಿಗೂ ಬುಕ್ಕಾಂಬುಧಿಯಂಥ ಹಳ್ಳಿಯ ಕಟ್ಟೆಯ ಮೇಲಿರುವವರಿಗೂ ಚಿತ್ರದ ಗಡ್ಡಪ್ಪ ಗೊತ್ತು. ಆದರೆ ಮೊಬೈಲಿನಲ್ಲಿ ಅರ್ಧ ನಿಮಿಷ ಬಂದು ನಗಿಸಿ ಹೋಗುವ ಮುದುಕನಾಗಿ ಮಾತ್ರ.

ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಕಥೆ ಹೇಳುವ ದೃಶ್ಯವನ್ನೇ ತೆಗೆದುಕೊಳ್ಳಿ. ಚಿತ್ರದ ಆರಂಭದಲ್ಲಿ ಅಪ್ಪ ಸೆಂಚುರಿ ಗೌಡ ಸತ್ತ ಸುದ್ದಿ ಬಂದಾಗ ಈತ ಅಲುಗುವುದಿಲ್ಲ. ಪ್ರೇಕ್ಷಕರು ಅಲ್ಲಿ ನಗುತ್ತಾರೆ, ತುಣುಕು ಕತ್ತರಿಸುವವರೂ ಅಲ್ಲೇ ಕತ್ತರಿಸುತ್ತಾರೆ. ಬೆಂಕಿಯ ಮುಂದೆ, ತನ್ನ ಹೆಂಡತಿಗೂ ಅಪ್ಪನಿಗೂ ನಡುವೆ ನಡೆದದ್ದನ್ನು ಆತ ಬಿಚ್ಚಿಟ್ಟಾಗ ಹಿಂದಿನ ಆ ನಿರ್ಲಿಪ್ತತೆಯ ಅರ್ಥವೇ ಬೇರೆಯಾಗುತ್ತದೆ. ನಕ್ಕವರು ತಮ್ಮ ನಗುವಿನ ಲೆಕ್ಕವನ್ನು ಮತ್ತೆ ನೋಡಬೇಕಾಗುತ್ತದೆ. ನಿರ್ದೇಶಕರು ಹಳೆಯದನ್ನು ಮರುಚಿತ್ರಿಸಿ ತೋರಿಸುವುದಿಲ್ಲ. ಮುದುಕನ ಮಾತಿಗೇ ಎಲ್ಲ ಭಾರ ಬಿಡುತ್ತಾರೆ. ಮಗ ತಮ್ಮಣ್ಣನಿಗೆ ಹೇಳದ್ದನ್ನು ಆತ ದಾರಿಯಲ್ಲಿ ಸಿಕ್ಕವರಿಗೆ ಹೇಳುತ್ತಾನೆ. ಕಡೂರು, ಅಜ್ಜಂಪುರದ ಬಯಲಿನಲ್ಲಿ ಮಂದೆ ಬಂದು ಹೋಗುವುದನ್ನು ಕಂಡವರಿಗೆ ಇದರ ಜಾಣ್ಮೆ ಬೇಗ ತಿಳಿಯುತ್ತದೆ: ಕುರಿಗಾಹಿ ನಾಳೆ ಬೇರೆ ಊರಿನಲ್ಲಿರುತ್ತಾನೆ, ಕೇಳಿದ್ದು ಈ ಊರಿನ ಬಾಯಿಗೆ ಬೀಳುವುದಿಲ್ಲ.

ಅರ್ಧ ನಿಮಿಷದ ತುಣುಕಿನಲ್ಲಿ ಈ ಎರಡು ದೃಶ್ಯಗಳು ಒಂದನ್ನೊಂದು ಮುಟ್ಟುವುದೇ ಇಲ್ಲ.

ತುಣುಕು ಹಂಚುವವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ‘ನಟನೆಯೇ ಅಲ್ಲ, ಬದುಕೇ’ ಎಂದು ಹೊಗಳಿದ ವಿಮರ್ಶಕರು ಮೊದಲು ದಾರಿ ತಪ್ಪಿಸಿದರು. ಚಿತ್ರದಲ್ಲಿ ನಟಿಸಿದ ನೊದೆಕೊಪ್ಪಲಿನ ಹಳ್ಳಿಗರು ವೃತ್ತಿನಟರಲ್ಲ, ನಿಜ. ಹಾಗೆಂದು ಕ್ಯಾಮೆರಾ ಇಟ್ಟೊಡನೆ ಚಿತ್ರ ಹುಟ್ಟಿತೇ? ಈರೇಗೌಡರು ರೆಡ್ಡಿಯವರೊಂದಿಗೆ ಕೂತು ಬರೆದ ಚಿತ್ರಕಥೆ, ಐದು ಎಕರೆ ಜಮೀನಿನ ಸುತ್ತ ಹೆಣೆದ ಮೂರು ತಲೆಮಾರುಗಳ ಆಸೆ, ಹನ್ನೊಂದನೇ ದಿನದ ತಿಥಿಗೆ ಎಲ್ಲರನ್ನೂ ತಂದು ಸೇರಿಸುವ ರಚನೆ, ಇವೆಲ್ಲ ಆ ಹೊಗಳಿಕೆಯಲ್ಲಿ ಕಾಣೆಯಾದವು. ಬರಹಗಾರನ ಶ್ರಮಕ್ಕೆ ಸಹಜತೆ ಎಂದು ಹೆಸರಿಡುವುದು ಹಳ್ಳಿಗರಿಗೂ ಅವಮಾನ, ಅವರು ಕಲಿತು ಮಾಡಿದ ನಟನೆಯನ್ನು ಅದು ನಿರಾಕರಿಸುತ್ತದೆ.

ಉದ್ಯಮಕ್ಕೂ ಅದೇ ಅನುಕೂಲವಾಯಿತು. ‘ತರ್ಲೆ ವಿಲೇಜ್’ನಂಥ ಚಿತ್ರಗಳು ಅವೇ ಮುಖಗಳನ್ನು ತಂದವು, ಅವುಗಳ ಹಿಂದಿದ್ದ ಕಥೆಯನ್ನು ಬಿಟ್ಟವು. ತುಣುಕುಗಳು ಇಷ್ಟು ಹರಡಿದ ಚಿತ್ರದ ಬಗ್ಗೆ ಆ ಬೆಂಕಿಯ ದೃಶ್ಯವನ್ನಿಟ್ಟುಕೊಂಡು ವಾದಿಸುವವರು ಸಿಗುವುದು ಇಂದಿಗೂ ಅಪರೂಪ.