ಚೌಕ ತುಂಬುವ ಕೈಗಳು

ಹಳೆಯ ವಿಂಡೋಸ್ 98 ಕಂಪ್ಯೂಟರಿಗೆ ತಮ್ಮದೇ ಐಕಾನ್ ಬರೆದು ಕೂರಿಸುವವರ ಕೈಚಳಕ ನನಗೆ ಬಲು ಮೆಚ್ಚು. ಉದ್ದಕ್ಕೆ 32, ಅಗಲಕ್ಕೆ 32 ಚುಕ್ಕಿ. ಒಟ್ಟು 1024, ಅಷ್ಟೇ ಜಾಗ. ಓರೆ ಗೆರೆ ಎಳೆದರೆ ಮೆಟ್ಟಿಲಾಗುತ್ತದೆ. ಮೂಲೆಯ ಚುಕ್ಕಿಯನ್ನು ಬೂದು ಮಾಡಿದೊಡನೆ ಅಂಚು ನಯವಾಗುತ್ತದೆ. ಮೇಲೆ, ಎಡಕ್ಕೆ ಬಿಳಿ; ಕೆಳಗೆ, ಬಲಕ್ಕೆ ಕಪ್ಪು ಗೆರೆ ಇಟ್ಟರೆ ಚಪ್ಪಟೆ ಚಿತ್ರ ಉಬ್ಬಿ ನಿಲ್ಲುತ್ತದೆ.

ಇದಕ್ಕೂ ಮುಂಚೆ, 1984ರ ಮೆಕಿಂತೋಷ್‌ಗೆ ವಿನ್ಯಾಸಕಿ ಸೂಸನ್ ಕೇರ್ ಐಕಾನ್‌ಗಳನ್ನು ರೂಪಿಸತೊಡಗಿದ್ದು ಗ್ರಾಫ್ ಹಾಳೆಯ ಚೌಕ ತುಂಬುತ್ತಲೇ, ಅದೂ ಬರೀ ಕಪ್ಪು-ಬಿಳುಪಿನಲ್ಲಿ.

ಈ ಜಾಣ್ಮೆ ದೊಡ್ಡಬಳ್ಳಾಪುರದ ನೇಕಾರರಿಗೆ ಹೊಸದಲ್ಲ. ಸೀರೆಯಂಚಿನ ಹೂವನ್ನು ಗ್ರಾಫ್ ಹಾಳೆಯಲ್ಲಿ ಚೌಕಚೌಕವಾಗಿ ತುಂಬಿ, ಅದರಂತೆ ಜಕಾರ್ಡ್ ಮಗ್ಗದ ಕಾರ್ಡಿಗೆ ತೂತು ಹೊಡೆಯುವ ಕಸುಬು ಅವರದು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಕಾರ್ಡಿಗೊಂದು ಹೊಕ್ಕು. ಒಂದು ತೂತು ತಪ್ಪಿದರೆ ಆ ತಪ್ಪು ಹೂಹೂವಿಗೂ ಮರುಕಳಿಸುತ್ತದೆ. ಪರದೆಯಾಗಲಿ, ಮಗ್ಗವಾಗಲಿ, ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಚೆಲುವು ಮೂಡಿಸುವುದು ದೊಡ್ಡ ಕಲೆ.

ನಿಮ್ಮ ಅಟ್ಟದಲ್ಲೂ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕಬೇಡಿ. ಅದರ ಪೇಂಟ್ ತಂತ್ರಾಂಶ ತೆರೆದು, ಮನೆಯ ಸೀರೆಯಂಚಿನ ಹೂವೊಂದನ್ನು 32×32 ಚೌಕದೊಳಗೆ ಬರೆದು ನೋಡಿ. ಚೌಕ ತುಂಬುವ ಕೈಗಳ ಬೆಲೆ ಆಗ ತಿಳಿಯುತ್ತದೆ.