ಉದ್ಘಾಟಿಸಿದರು, ವಂದಿಸಿದರು, ಅರ್ಜಿ ಹಾಕುವುದೆಲ್ಲಿ?

ನಮ್ಮ ಕಡೆಯ ಕಾಲೇಜು ಕಾರ್ಯಕ್ರಮದ ವರದಿಯನ್ನು ಕಾರ್ಯಕ್ರಮಕ್ಕೆ ಹೋಗದೆಯೂ ಬರೆಯಬಹುದು. ಗಣ್ಯರು ದೀಪ ಬೆಳಗಿಸಿ ಉದ್ಘಾಟಿಸಿದರು. ಪ್ರಾಂಶುಪಾಲರು ಅಧ್ಯಕ್ಷತೆ ವಹಿಸಿದ್ದರು. ಸಿಕ್ಕ ಅವಕಾಶವನ್ನು ವಿದ್ಯಾರ್ಥಿಗಳು ಸದುಪಯೋಗಪಡಿಸಿಕೊಳ್ಳಬೇಕೆಂದು ಮುಖ್ಯ ಅತಿಥಿಗಳು ಕರೆ ನೀಡಿದರು. ಒಬ್ಬರು ಪ್ರಾರ್ಥಿಸಿದರು, ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಇನ್ನೊಬ್ಬರು ವಂದಿಸಿದರು. ಇಷ್ಟೆಲ್ಲ ಹೆಸರುಗಳ ನಡುವೆ ಆ ‘ಸಿಕ್ಕ ಅವಕಾಶ’ ಯಾವುದು, ಅರ್ಜಿ ಎಲ್ಲಿ ಸಿಗುತ್ತದೆ, ಕೊನೆಯ ದಿನ ಯಾವತ್ತು ಎಂಬುದಕ್ಕೆ ಮಾತ್ರ ಜಾಗವಿರುವುದಿಲ್ಲ.

ವಿಮರ್ಶಕರು ಕತೆ, ಕವಿತೆ, ಕಾದಂಬರಿಗಳನ್ನು ಬಿಟ್ಟು ಇಂಥ ಬರಹದ ಕಡೆ ತಿರುಗುವುದು ಅಪರೂಪ. ಆದರೆ ದಾವಣಗೆರೆ, ಹರಿಹರದ ಪದವಿ ವಿದ್ಯಾರ್ಥಿ ಪಠ್ಯದಾಚೆಗೆ ದಿನಾ ಓದುವ ಗದ್ಯ ಇದೇ: ಸುತ್ತೋಲೆ, ನೋಟಿಸು, ಆಮಂತ್ರಣ ಪತ್ರಿಕೆ, ಪತ್ರಿಕಾ ಪ್ರಕಟಣೆ, ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಪಿಡಿಎಫ್. ಈ ಬರಹಕ್ಕೂ ಒಂದು ಶೈಲಿ ಇದೆ, ಒಂದು ಕಟ್ಟು ಇದೆ, ಮನಸ್ಸಿನಲ್ಲಿಟ್ಟುಕೊಂಡ ಓದುಗನೊಬ್ಬ ಇದ್ದಾನೆ. ಆ ಓದುಗ ವಿದ್ಯಾರ್ಥಿಯೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ದಾವಣಗೆರೆಯಲ್ಲೇ ಕೇಳಲು ಕಾರಣವಿದೆ. ಈ ಊರಿನ ಉನ್ನತ ಶಿಕ್ಷಣದ ಚರಿತ್ರೆಯೆಂದರೆ ವಿಶ್ವವಿದ್ಯಾಲಯ ಹತ್ತಿರ ಹತ್ತಿರ ಬಂದ ಚರಿತ್ರೆ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದಾಗ ಕೇಂದ್ರ ಅದರ ಪಾಲಾಯಿತು. ಕಚೇರಿ ಮೈಸೂರಿನಿಂದ ಭದ್ರಾವತಿ ಬಳಿಯ ಶಂಕರಘಟ್ಟಕ್ಕೆ ಬಂತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿ, ತೋಳಹುಣಸೆಯ ಅದರ ಆವರಣ ಶಿವಗಂಗೋತ್ರಿಯೇ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳಿಗೆ ತವರಾಯಿತು. ಅಂಕಪಟ್ಟಿಯ ತಿದ್ದುಪಡಿಗೆ ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕಿದ್ದ ಕಾಲ ಹೋಗಿ, ಬೆಳಿಗ್ಗೆ ಹೊರಟು ಮಧ್ಯಾಹ್ನ ಮನೆ ಸೇರುವ ಕಾಲ ಬಂತು.

ಹರಿಹರದವರಿಗೆ ಆಮೇಲೂ ದಾರಿ ಉಳಿಯಿತು. ಹರಿಹರ ದಾವಣಗೆರೆಯ ಒಂದು ಮಗ್ಗುಲಲ್ಲಿ, ತೋಳಹುಣಸೆ ಇನ್ನೊಂದು ಮಗ್ಗುಲಲ್ಲಿ; ನಡುವೆ ಇಡೀ ಊರನ್ನು ದಾಟಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳಿಯಿತು, ದಿನ ಉಳಿಯಲಿಲ್ಲ. ಎರಡು ಬಸ್ಸು ಹತ್ತಿ ಬಂದವಳಿಗೆ ‘ನಿಮ್ಮ ಕಾಲೇಜಿನಲ್ಲೇ ವಿಚಾರಿಸಿ’ ಎಂಬ ಉತ್ತರ ಸಿಕ್ಕರೆ, ಮೊದಲೇ ತಿಳಿಸಬೇಕಾದ್ದನ್ನು ಯಾರೋ ತಿಳಿಸಿಲ್ಲ ಎಂದೇ ಅರ್ಥ. ಸರಿಯಾಗಿ ಬರೆದ ನೋಟಿಸು ಒಬ್ಬ ವಿದ್ಯಾರ್ಥಿಯ ಒಂದು ದಿನವನ್ನು ಉಳಿಸಬಲ್ಲದು.

ಮೊದಲು ಈ ಪ್ರಕಾರದ ಗುಣ ಹೇಳಬೇಕು. ವರದಿಯ ತುಂಬ ಹೆಸರುಗಳಿರುವುದನ್ನು ಗೇಲಿ ಮಾಡುವುದು ಸುಲಭ. ಆದರೆ ಪ್ರಾರ್ಥನೆ ಹಾಡಿದ ಹುಡುಗಿಯ ಹೆಸರು ಪತ್ರಿಕೆಯಲ್ಲಿ ಬಂದರೆ ಅವಳ ಮನೆಯಲ್ಲಿ ಆ ತುಣುಕು ವರ್ಷಗಟ್ಟಲೆ ಉಳಿಯುತ್ತದೆ. ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಚರಂಡಿ ತೆಗೆಸಿದ ಅಧ್ಯಾಪಕರಿಗೆ ಸಿಗುವ ಹೆಚ್ಚಿನ ಕೂಲಿ ಆ ಒಂದು ಸಾಲು ಅಷ್ಟೇ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಎಂಬುದಕ್ಕೆ ಸರ್ಕಾರದ ಶಿಷ್ಟಾಚಾರವೇ ಇದೆ; ಅದನ್ನು ಮೀರಿದರೆ ನೋಟಿಸು ಬರುವುದು ಪ್ರಾಂಶುಪಾಲರಿಗೆ. ಜನತಾವಾಣಿಯಂಥ ಊರಿನ ಪತ್ರಿಕೆ ಇಂಥ ವರದಿಗಳಿಗೆ ಜಾಗ ಕೊಡುವುದರಿಂದಲೇ ಸಣ್ಣ ಕಾಲೇಜಿನ ವಿಚಾರ ಸಂಕಿರಣವೂ ಊರಿನ ಸುದ್ದಿಯಾಗುತ್ತದೆ. ಬೆಂಗಳೂರಿನ ದೊಡ್ಡ ದಿನಪತ್ರಿಕೆಗಳಲ್ಲಿ ಆ ಭಾಗ್ಯ ಸುಲಭಕ್ಕಿಲ್ಲ.

ಈ ಬಗೆಯ ಬರಹದಲ್ಲಿ ನನಗೆ ಮೆಚ್ಚುಗೆಯಾಗುವುದು ‘ನಗರದಲ್ಲಿ ಇಂದು’ ಎಂಬ ಪುಟ್ಟ ಸುದ್ದಿ. ಏನು, ಎಲ್ಲಿ, ಎಷ್ಟು ಗಂಟೆಗೆ, ಯಾರು ಮಾತಾಡುತ್ತಾರೆ ಎಂಬುದೆಲ್ಲ ನಾಲ್ಕೇ ಸಾಲಿನಲ್ಲಿ ಮುಗಿದಿರುತ್ತದೆ. ಅದರ ಮಿತಿ ಶೀರ್ಷಿಕೆಯಲ್ಲೇ ಇದೆ: ‘ಇಂದು’. ಬೆಳಿಗ್ಗೆ ಎಂಟಕ್ಕೆ ಪತ್ರಿಕೆ ನೋಡಿದ ಮಲೇಬೆನ್ನೂರು ಕಡೆಯ ಹುಡುಗ ಹತ್ತೂವರೆಯ ಉಪನ್ಯಾಸಕ್ಕೆ ಬರಲಾರ. ಉಪನ್ಯಾಸ ತಪ್ಪಿದರೆ ಇನ್ನೊಂದು ಬರುತ್ತದೆ. ವಿದ್ಯಾರ್ಥಿವೇತನದ ಸುದ್ದಿಗೆ ಹೀಗಾದರೆ ವರ್ಷವೇ ಹೋಯಿತು.

ಉಳಿದ ಪ್ರಕಾರಗಳನ್ನು ಅಳೆಯಲು ಹರಿಹರದಲ್ಲೇ ಹಳೆಯ ಮಾದರಿಯೊಂದಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟದಲ್ಲಿ ಅಚ್ಚಾಗಿವೆ. ನಮ್ಮ ದಾನಶಾಸನಗಳೂ ಗಣ್ಯರಿಂದಲೇ ಶುರುವಾಗುತ್ತವೆ. ಅರಸನ ಬಿರುದು, ವಂಶ, ಪರಾಕ್ರಮ ಎಲ್ಲ ಸಾಲುಗಟ್ಟಿ ಬರುತ್ತವೆ. ನಮ್ಮ ಯಾವ ನಿರೂಪಕರೂ ಅವನ್ನು ಮೀರಿಸಲಾರರು. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಯಾವ ಶಕವರ್ಷ, ಯಾವ ಸಂವತ್ಸರ, ಯಾವ ತಿಥಿ, ಯಾವ ವಾರ. ಏನು ಕೊಟ್ಟದ್ದು, ಯಾರಿಗೆ ಕೊಟ್ಟದ್ದು. ಆ ಭೂಮಿಗೆ ಮೂಡಲಲ್ಲಿ ಯಾವ ಕೆರೆ, ಪಡುವಲಲ್ಲಿ ಯಾವ ಕಲ್ಲು. ಎಂಟು ನೂರು ವರ್ಷ ಕಳೆದ ಮೇಲೂ ಫಲಾನುಭವಿ ಯಾರು, ಫಲ ಎಷ್ಟು ಎಂದು ಅದನ್ನು ಓದಿ ಹೇಳಬಹುದು. ನಮ್ಮ ವರದಿ ಬಿರುದಾವಳಿಯಲ್ಲೇ ಮುಗಿದುಹೋಗುತ್ತದೆ, ಎಲ್ಲೆಕಟ್ಟಿನವರೆಗೆ ಬರುವುದೇ ಇಲ್ಲ. ಸುತ್ತೋಲೆಗಳಾದರೋ ಶಾಸನದ ಕೊನೆಯ ಶಾಪಾಶಯವೊಂದನ್ನು ಮಾತ್ರ ನಿಷ್ಠೆಯಿಂದ ಉಳಿಸಿಕೊಂಡಿವೆ: ‘ತಪ್ಪಿದಲ್ಲಿ ಮುಂದಾಗುವ ಪರಿಣಾಮಗಳಿಗೆ ವಿದ್ಯಾರ್ಥಿಗಳೇ ಹೊಣೆ.’

ವಿದ್ಯಾರ್ಥಿವೇತನದ ನೋಟಿಸನ್ನೇ ನೋಡಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿ ಎಂಬ ಒಂದು ವಾಕ್ಯ ಕಚೇರಿಯ ಲೆಕ್ಕದಲ್ಲಿ ಪೂರ್ಣ ಮಾಹಿತಿ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಅದು ಕತೆಯ ಕೊನೆಯ ಅಧ್ಯಾಯ. ಮೊದಲ ಅಧ್ಯಾಯ ನಾಡಕಚೇರಿಯಲ್ಲಿದೆ: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ಸಂಖ್ಯೆ. ಎರಡನೆಯದು ಬ್ಯಾಂಕಿನಲ್ಲಿ: ಖಾತೆಗೆ ಆಧಾರ್ ಜೋಡಣೆ, ಇಲ್ಲದಿದ್ದರೆ ಮಂಜೂರಾದ ಹಣವೂ ಕೈ ಸೇರದು. ಮೂರನೆಯದು ಕಾಲೇಜಿನಲ್ಲೇ: ದಾಖಲೆಗಳ ಇ-ದೃಢೀಕರಣ. ಆಧಾರ್‌ನಲ್ಲಿ ಒಂದು ಹೆಸರು, ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್ ಇದ್ದರಂತೂ ಓಡಾಟಕ್ಕೆ ಕೊನೆಯಿಲ್ಲ. ಈ ಕ್ರಮ ಗೊತ್ತಿರುವ ಮನೆಯ ಮಕ್ಕಳು ಜೂನ್‌ನಲ್ಲೇ ಓಡಾಟ ಶುರುಮಾಡುತ್ತಾರೆ. ಗೊತ್ತಿಲ್ಲದವರು ಕೊನೆಯ ದಿನ ಹತ್ತಿರವಾದಾಗ ನಾಡಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ. ಎಲ್ಲರಿಗೂ ಒಂದೇ ನೋಟಿಸು ಹಾಕಿದರೂ ಅದು ಎಲ್ಲರಿಗೂ ಒಂದೇ ಆಗಿ ತಲುಪುವುದಿಲ್ಲ. ತಿಳಿದವನಿಗಷ್ಟೇ ತಿಳಿಯುವಂತೆ ಬರೆದ ಪ್ರಕಟಣೆ, ತನಗೆ ಗೊತ್ತಿಲ್ಲದೆಯೇ, ಉಳ್ಳವರ ಪರವಾಗಿ ನಿಂತಿರುತ್ತದೆ.

ಪದವಿ ಎಷ್ಟು ವರ್ಷ ಎಂಬ ಸಂಗತಿಯಲ್ಲೂ ಇದೇ ಆಯಿತು. 2021–22ರಲ್ಲಿ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ಮೂರು ವರ್ಷಕ್ಕೆ ಪದವಿ, ನಾಲ್ಕನೆಯದನ್ನೂ ಓದಿದರೆ ಆನರ್ಸ್. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಒಂದೇ ಕಾಲೇಜಿನ ಅಕ್ಕಪಕ್ಕದ ಕೊಠಡಿಗಳಲ್ಲಿ ಎರಡು ಪದ್ಧತಿಯವರು ಕುಳಿತರು. ಪತ್ರಿಕೆಗಳಲ್ಲಿ ನೀತಿಯ ಪರ-ವಿರೋಧ ಬೇಕಾದಷ್ಟು ಬಂತು. ‘ನಾನು 2022ರಲ್ಲಿ ಸೇರಿದವನು, ನನಗೆ ನಾಲ್ಕನೇ ವರ್ಷ ಇದೆಯೇ, ಇದ್ದರೆ ಅದರಿಂದ ಲಾಭವೇನು?’ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದದ್ದು ನೋಟಿಸು ಬೋರ್ಡಿನಲ್ಲಿ, ಬ್ಯಾಚು ಬ್ಯಾಚಿಗೂ ಬೇರೆಯಾಗಿ.

ಫಲಿತಾಂಶದ ದಿನಾಂಕಕ್ಕೂ ಈಗ ಬೆಲೆ ಬಂದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ತೇರ್ಗಡೆಯಾಗಿ 180 ದಿನ ಕಳೆದಿರಬೇಕು, ಮುಂದಿನ ಓದಿಗೆ ಸೇರಿರಬಾರದು, ಕೆಲಸ ಸಿಕ್ಕಿಲ್ಲವೆಂದು ಆಗಾಗ ಸ್ವಯಂ ಘೋಷಣೆ ಕೊಡುತ್ತಿರಬೇಕು. ಹೀಗಿರುವಾಗ ‘ಫಲಿತಾಂಶ ಪ್ರಕಟವಾಗಿದೆ’ ಎಂಬ ಎರಡು ಪದದ ಸುದ್ದಿಗೆ ಮುಂದಿನ ನೂರೆಂಬತ್ತು ದಿನದ ಲೆಕ್ಕವನ್ನೂ ಸೇರಿಸಿದರೆ ಏನು ನಷ್ಟ?

ವಿಶ್ವವಿದ್ಯಾಲಯದ ಸುದ್ದಿಗಳಲ್ಲಿ ಹೆಚ್ಚು ಕಣ್ಣು ಒದ್ದೆ ಮಾಡುವುದು ಘಟಿಕೋತ್ಸವದ ಮರುದಿನದ್ದು. ಕೂಲಿಯವರ ಮಗಳಿಗೆ ಚಿನ್ನದ ಪದಕ, ಆಟೊ ಚಾಲಕನ ಮಗ ರ‍್ಯಾಂಕ್ ವಿಜೇತ. ಕನ್ನಡ ಪತ್ರಿಕೋದ್ಯಮದ ಒಳ್ಳೆಯ ಅಭ್ಯಾಸಗಳಲ್ಲಿ ಇದೂ ಒಂದು. ಗೌರವ ಡಾಕ್ಟರೇಟಿನ ಗದ್ದಲದಲ್ಲೂ ಕ್ಯಾಮೆರಾ ಆ ತಾಯಿಯತ್ತ ತಿರುಗುತ್ತದೆ. ಆದರೆ ಈ ವರದಿಗಳು ಬಡತನವನ್ನು ವಿವರಿಸಿದಷ್ಟು ದಾರಿಯನ್ನು ವಿವರಿಸುವುದಿಲ್ಲ. ಅವಳು ಯಾವ ಹಾಸ್ಟೆಲ್ಲಿನಲ್ಲಿದ್ದಳು? ಹಾಸ್ಟೆಲ್ ಸಿಗದಿದ್ದಾಗ ವಿದ್ಯಾಸಿರಿಯ ಊಟ-ವಸತಿ ನೆರವು ಸಿಕ್ಕಿತೇ? ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತಿತ್ತು? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ, ಓದಿದ ಹತ್ತು ಹುಡುಗಿಯರಿಗೆ ದಾರಿ ಕಾಣುತ್ತದೆ. ಬರೆಯದಿದ್ದರೆ ಅವಳ ಗೆಲುವು ಅವಳೊಬ್ಬಳ ಛಲದ ಕತೆಯಾಗುತ್ತದೆ. ಸೋತವರಿಗೆ ಛಲ ಸಾಲಲಿಲ್ಲ ಎಂಬ ತೀರ್ಪೂ ಸದ್ದಿಲ್ಲದೆ ಅದರೊಳಗೆ ಸೇರಿಬಿಡುತ್ತದೆ.

ಇನ್ನು ಭಾಷೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ, ದಂಡರಹಿತವಾಗಿ ಶುಲ್ಕ ಪಾವತಿಸಲು’ ಎಂದು ಶುರುವಾಗುವ ವಾಕ್ಯ ಕ್ರಿಯಾಪದ ತಲುಪುವಷ್ಟರಲ್ಲಿ ಓದುವವನ ಎದೆ ಹೊಡೆದುಕೊಳ್ಳುತ್ತದೆ. ಈ ಭಾಷೆ ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆಯುವುದಕ್ಕೆ ಹುಟ್ಟಿದ್ದು. ಅಲ್ಲಿ ಅದಕ್ಕೆ ಕೆಲಸವಿದೆ, ಮುಂದೆ ಕಡತ ಹುಡುಕುವವರಿಗೆ ಉಲ್ಲೇಖ ಸಂಖ್ಯೆ ಬೇಕು. ಕುಲಸಚಿವರಿಂದ ಪ್ರಾಂಶುಪಾಲರಿಗೆ ಬಂದ ಪತ್ರವನ್ನು ಹಾಗೆಯೇ ಬೋರ್ಡಿಗೆ ಅಂಟಿಸುವುದು ಮಾತ್ರ ತಪ್ಪು. ಅದನ್ನು ವಿದ್ಯಾರ್ಥಿಗೆ ತಿಳಿಯುವಂತೆ ತಿರುಗಿಸುವ ಕೆಲಸವನ್ನು ಈಗ ತರಗತಿಯ ಪ್ರತಿನಿಧಿ, ಅಂದರೆ ಸಿ.ಆರ್., ಮಾಡುತ್ತಿದ್ದಾನೆ. ಪಿಡಿಎಫ್ ಕೆಳಗೆ ಅವನು ಬರೆಯುತ್ತಾನೆ: ‘ಎಲ್ಲರೂ ನೋಡ್ರಿ, ಶುಕ್ರವಾರದೊಳಗೆ ಫೀಸ್ ಕಟ್ಟಬೇಕು, ಇಲ್ಲಾಂದ್ರೆ ಫೈನ್.’ ಸುತ್ತೋಲೆಯ ಒಂದು ಪುಟದ ಸಾರ ಇಷ್ಟೇ. ಈ ಊರಿನ ವಿಶ್ವವಿದ್ಯಾಲಯ ಗದ್ಯದಲ್ಲಿ ನನಗೆ ಇಷ್ಟವಾದ ಶೈಲಿಕಾರ ಈ ಸಿ.ಆರ್. ಆದರೆ ಅವನು ತಪ್ಪು ಬರೆದರೆ ಹೊಣೆ ಯಾರದು? ಫೋನು ಮನೆಯಲ್ಲಿ ಅಣ್ಣನ ಕೈಯಲ್ಲಿದ್ದರೆ ತಂಗಿಗೆ ತಿಳಿಸುವವರು ಯಾರು?

ಊರಿನ ಲೆಕ್ಕದಲ್ಲಿ ನೋಡಿದರೆ ತೊಡಕು ಇನ್ನೂ ಇದೆ. 1951ರ ಯುಬಿಡಿಟಿ, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಕಡೆ ನೋಡುತ್ತವೆ. 1965ರ ಜೆಜೆಎಂ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಡೆ. 1964ರ ದೃಶ್ಯಕಲಾ ಮಹಾವಿದ್ಯಾಲಯ ಶಿವಗಂಗೋತ್ರಿಯ ಕಡೆ. ಚಿತ್ರಕಲೆ ವಿದ್ಯಾರ್ಥಿಗಳ ಪ್ರದರ್ಶನವನ್ನು ವೈದ್ಯಕೀಯ ಓದುವವರು, ಹರಿಹರದ ಶಾಲಾ ಮೇಷ್ಟ್ರು, ಮಂಡಿಪೇಟೆಯ ವ್ಯಾಪಾರಿ ನೋಡಬೇಕೆಂದರೆ ಮೂರು ವಿಶ್ವವಿದ್ಯಾಲಯಗಳ ಮುಂದಿನ ತಿಂಗಳ ಕಾರ್ಯಕ್ರಮಗಳು ಒಂದೇ ಹಾಳೆಯಲ್ಲಿ ಸಿಗಬೇಕು. ‘ಸಾರ್ವಜನಿಕರಿಗೆ ಪ್ರವೇಶವಿದೆ’ ಎಂಬ ಎರಡು ಪದ ಆ ಹಾಳೆಯಲ್ಲಿರಬೇಕು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲ ಮುಗಿದ ಮೇಲೆ, ಹರಿಹರದಲ್ಲಿ 1941ರಿಂದ ನಡೆದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿದ ಮೇಲೆ, ಈ ಅವಳಿ ಊರುಗಳ ಮಕ್ಕಳಿಗೆ ಭವಿಷ್ಯ ಕಾಣುವುದು ಕಾಲೇಜಿನ ಗೇಟಿನಲ್ಲೇ. ಆ ಗೇಟಿನ ಬೋರ್ಡನ್ನು ಅರ್ಧಂಬರ್ಧ ಬರೆಯುವಂತಿಲ್ಲ.

ದೂರುವುದಕ್ಕಷ್ಟೇ ಇದನ್ನು ಬರೆಯುತ್ತಿಲ್ಲ. ಸಾಮಗ್ರಿ ಎಲ್ಲ ಕೈಯಲ್ಲೇ ಇದೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಗಳಿಗೆಂದು ಬಂದ ಯುಯುಸಿಎಂಎಸ್ ವ್ಯವಸ್ಥೆಯಲ್ಲಿ ಯಾರು ಯಾವ ಕೋರ್ಸು, ಯಾವ ವರ್ಷ ಎಂಬುದು ದಾಖಲಾಗಿದೆ. ಶಿವಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದುವವರಿದ್ದಾರೆ, ಕನ್ನಡ ಎಂ.ಎ. ಓದುವವರಿದ್ದಾರೆ. ಪ್ರತಿ ಸುತ್ತೋಲೆಯನ್ನೂ ವಿದ್ಯಾರ್ಥಿಗೆಂದು ಆರು ಸಾಲಿನಲ್ಲಿ ತಿರುಗಿ ಬರೆಯುವುದನ್ನು ಅವರ ಅಭ್ಯಾಸದ ಭಾಗ ಮಾಡಬಹುದು: ಯಾರಿಗೆ, ಎಷ್ಟು, ಯಾವ ದಿನದೊಳಗೆ, ಯಾವ ಕಾಗದ, ಅದು ಸಿಗಲು ಎಷ್ಟು ದಿನ, ಯಾರನ್ನು ಕೇಳಬೇಕು. ಗಣ್ಯರ ಹೆಸರು ಏಳನೇ ಸಾಲಿನಿಂದ ಶುರುವಾಗಲಿ. ಯಾರ ಗೌರವಕ್ಕೂ ಕುಂದಿಲ್ಲ. ಇದಕ್ಕೆ ಹೊಸ ಅನುದಾನ ಬೇಡ, ಹೊಸ ಕಟ್ಟಡ ಬೇಡ. ಕೊನೆಯ ದಿನಾಂಕವನ್ನು ಮೊದಲ ಸಾಲಿಗೆ ತರುವುದಕ್ಕೆ ಸಿಂಡಿಕೇಟ್ ಸಭೆಯ ಒಪ್ಪಿಗೆಯೂ ಬೇಕಾಗಿಲ್ಲ.