ಮೊಣಕೈ ನೋಡುವವರು

"ಫಾರ್ಮ್ ಸೂಪರ್ ಇದೆ" ಎಂಬ ಮಾತಿಗೆ ಕೊಡಗಿನ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಸಿಗುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಸಂಜೆಯ ಡ್ರಿಲ್‌ನಲ್ಲಿ ಹುಡುಗನೊಬ್ಬ ಐದು ಜಾಗಗಳಿಂದ ಸಾಲಾಗಿ ಶೂಟ್ ಮಾಡುತ್ತಾನೆ. ರಿಂಗಿನ ಕೆಳಗೆ ನಿಂತ ಗೆಳೆಯ ಬಿದ್ದ ಚೆಂಡನ್ನು ಪ್ರತಿ ಸಲವೂ ಅದೇ ಎತ್ತರಕ್ಕೆ, ಅದೇ ಲಯದಲ್ಲಿ ಅವನ ಕೈಗಿಡುತ್ತಾನೆ. ದೈಹಿಕ ಶಿಕ್ಷಣದ ಪಿ.ಡಿ. ಸರ್, ಹಳೇ ಆಟಗಾರರು, ಸುಮ್ಮನೆ ನೋಡಲು ನಿಂತ ಸೀನಿಯರ್‌ಗಳು ಮೊಣಕೈ ನೋಡುತ್ತಾರೆ, ಮಣಿಕಟ್ಟು ನೋಡುತ್ತಾರೆ, ಚೆಂಡು ಬಿಟ್ಟ ಮೇಲೂ ಗಾಳಿಯಲ್ಲೇ ನಿಂತ ಕೈ ನೋಡುತ್ತಾರೆ. ತೀರ್ಪು ಅಲ್ಲೇ ಆಗಿಬಿಡುತ್ತದೆ. ಎಸೆದದ್ದೆಷ್ಟು, ಬಿದ್ದದ್ದೆಷ್ಟು ಎಂದು ಬರೆದಿಟ್ಟವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಈ ಆಟ ಹಾಕಿಯ ನೆರಳಿನಲ್ಲಿ ಬಡಕಲಾಗಿ ಬೆಳೆದಿದೆ ಎಂಬ ಹಳೇ ದೂರನ್ನು ಮತ್ತೆ ಎತ್ತಬೇಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯ ಮುಂದೆ ಇನ್ಯಾವ ಆಟ ತಾನೇ ನಿಂತೀತು? ಕೊಡಗಿನ ಲೋಪಮುದ್ರಾ ತಿಮ್ಮಯ್ಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಭಾರತ ತಂಡಕ್ಕೆ ಆಡಿದ್ದರಿಂದಲೂ ಆ ಲೆಕ್ಕವೇನೂ ಬದಲಾಗಲಿಲ್ಲ. ಸೋಜಿಗ ಇರುವುದು ಬೇರೆ ಕಡೆ. ಹಾಕಿಯಲ್ಲಿ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ಗೆ ನಿಂತಾಗ ಸೊಂಟ ಎಷ್ಟು ಬಗ್ಗಿತೆಂದು ಇಲ್ಲಿನ ಪ್ರೇಕ್ಷಕ ಅಳೆಯಲಿಲ್ಲ, ಗೋಲಾಯಿತೇ ಎಂದು ನೋಡಿದ. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ಹೊತ್ತಿಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಅಷ್ಟೆ: ಕಾಯಿ ಒಡೆದರೆ ಬಹುಮಾನ, ಇಲ್ಲದಿದ್ದರೆ ಇಲ್ಲ. ಕೋವಿ ಹಿಡಿದ ಚೆಂದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಗುರಿಯ ವಿಷಯದಲ್ಲಿ ಇಷ್ಟು ನಿಷ್ಠುರವಾದ ನಾಡು ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಬಂದ ಕೂಡಲೇ ಭಂಗಿಯ ರಸಿಕನಾಗುತ್ತದೆ.

ಮೊಣಕೈಯ ವಿಷಯವನ್ನೇ ಸ್ವಲ್ಪ ಹಿಂಜಿ ನೋಡಬೇಕು, ಏಕೆಂದರೆ ಫಾರ್ಮ್ ಪಂಡಿತರ ಇಡೀ ಶಾಸ್ತ್ರ ನಿಂತಿರುವುದು ಅದರ ಮೇಲೆ. ಮೊಣಕೈ ಚೆಂಡಿನ ನೇರ ಕೆಳಗೆ ಇರಬೇಕು, ಹೊರಗೆ ಚಾಚಬಾರದು, ಪಾದಗಳೆರಡೂ ರಿಂಗಿಗೆ ನೇರವಾಗಿರಬೇಕು ಎಂಬುದು ಮೊದಲ ದಿನದ ಪಾಠ. ಈ ಎರಡು ಆಜ್ಞೆಗಳನ್ನು ಒಟ್ಟಿಗೆ ಪಾಲಿಸಲು ಹೊರಟ ಯಾರಿಗಾದರೂ ಅರ್ಥವಾಗುತ್ತದೆ, ಅವು ಪರಸ್ಪರ ಜಗಳವಾಡುತ್ತವೆ. ಎದೆಯನ್ನೂ ಪಾದವನ್ನೂ ರಿಂಗಿಗೆ ನೇರವಾಗಿಟ್ಟು ಬಲ ಮೊಣಕೈಯನ್ನು ಒಳಕ್ಕೆ ತಂದರೆ ಭುಜ ಬಿಗಿಯುತ್ತದೆ. ಆ ಬಿಗಿ ತಪ್ಪಿಸಲು ಒಳ್ಳೆಯ ಶೂಟರ್‌ಗಳಲ್ಲಿ ಬಹುಪಾಲು ಮಂದಿ ಬಲಗಾಲು ಒಂದಿಷ್ಟು ಮುಂದಿಟ್ಟು ಮೈಯನ್ನು ಎಡಕ್ಕೆ ತಿರುಗಿಸುತ್ತಾರೆ. ಆಗ ಮೊಣಕೈ ತಾನಾಗಿ ಸಾಲಿಗೆ ಬರುತ್ತದೆ. ಡ್ರಿಲ್‌ನಲ್ಲಿ ಮಾತ್ರ "ಕಾಲು ನೇರ ಇಡೋ" ಎಂಬ ಕೂಗು ನಿಲ್ಲುವುದಿಲ್ಲ.

ಇಷ್ಟಕ್ಕೂ ಮೊಣಕೈ ಏನು ಹೇಳುತ್ತದೆ? ರಿಂಗಿನ ಒಳ ಅಗಲ 45 ಸೆಂ.ಮೀ., ಚೆಂಡಿನದು ಸುಮಾರು 24. ಕಬ್ಬಿಣ ತಾಗದೆ ಚೆಂಡು ಇಳಿಯಬೇಕಾದರೆ ಎಡಕ್ಕೋ ಬಲಕ್ಕೋ ಇರುವ ರಿಯಾಯಿತಿ ಹತ್ತು ಸೆಂ.ಮೀ. ಚಿಲ್ಲರೆ. 6.75 ಮೀಟರ್ ದೂರದ ತ್ರೀ ಪಾಯಿಂಟ್ ಗೆರೆಯಿಂದ ಲೆಕ್ಕ ಹಾಕಿದರೆ ಅದು ಒಂದು ಡಿಗ್ರಿಗೂ ಕಡಿಮೆ. ಈ ಒಂದು ಡಿಗ್ರಿಯನ್ನು ತೀರ್ಮಾನಿಸುವುದು ಕೊನೇ ಗಳಿಗೆಯ ಬೆರಳುಗಳು. ಅದು ಸೈಡ್‌ಲೈನಿನಲ್ಲಿ ಕುರ್ಚಿ ಹಾಕಿ ಕೂತ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಮೊಣಕೈ ದೊಡ್ಡದು, ನಿಧಾನವಾಗಿ ಏಳುವಂಥದ್ದು, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದದ್ದಕ್ಕೇ ಬೆಲೆ ಕಟ್ಟಿ ಕಾಣದ್ದನ್ನು ಮರೆತುಬಿಡುವ ಕೆಲಸಕ್ಕೆ ಪಾಂಡಿತ್ಯವೆಂಬ ಹೆಸರು ಬೇರೆ.

ನೋಡಲೇಬೇಕೆಂದರೆ ಚೆಂಡನ್ನು ನೋಡಲಿ. ಚೆಂಡಿನ ಕಪ್ಪು ಗೆರೆಗಳು ನೇರವಾಗಿ ಹಿಂದಕ್ಕೆ ಉರುಳುತ್ತಿದ್ದರೆ ಬೆರಳು ಸರಿಯಾಗಿ ಬಿಟ್ಟಿದೆ. ಓರೆಯಾಗಿ ಸುತ್ತುತ್ತಿದ್ದರೆ ಆಸರೆಗೆಂದು ಇಟ್ಟ ಎಡಗೈಯ ಹೆಬ್ಬೆರಳು ಎಲ್ಲೋ ತಳ್ಳಿದೆ. ಕೊಡಗಿನಲ್ಲಿ ಈ ಹೆಬ್ಬೆರಳ ರೋಗಕ್ಕೆ ಮಳೆಯೂ ಒಂದು ನೆಪ ಒದಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟ್ ಕೋರ್ಟ್ ಪಾಚಿಗಟ್ಟಿರುತ್ತದೆ, ಸಿಕ್ಕ ಬಿಡುವಿನಲ್ಲಿ ಒದ್ದೆ ಚೆಂಡಿನಲ್ಲೇ ಅಭ್ಯಾಸ. ಜಾರುವ ಚೆಂಡನ್ನು ಎಡಗೈ ಬೇಗ ಬಿಡುವುದಿಲ್ಲ, ಒಣಗಿದ ಮೇಲೂ ಆ ಚಾಳಿ ಉಳಿಯಬಹುದು. ಇನ್ನು ಚೆಂಡಿನ ಕಮಾನು. 45 ಡಿಗ್ರಿಯಲ್ಲಿ ಇಳಿಯುವ ಚೆಂಡಿಗೆ ರಿಂಗು ಸುಮಾರು 32 ಸೆಂ.ಮೀ. ಬಾಯಿ ತೆರೆದು ಕೊಡುತ್ತದೆ, 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಅಂದರೆ ಚೆಂಡಿಗಿಂತ ಕಿರಿದು. ಇದು ಬರಿಗಣ್ಣಿಗೆ ಕಾಣುವ ಸಂಗತಿ. ಆದರೆ ತಂಡದ ಆಯ್ಕೆಗೆ ನಡೆಸುವ ಟ್ರಯಲ್ಸ್‌ನಲ್ಲಿ "ಕಮಾನು ಸಾಲದು" ಎಂಬ ಮಾತಿಗಿಂತ "ಮೊಣಕೈ ಹೊರಗಿದೆ" ಎಂಬ ಮಾತೇ ಜಾಸ್ತಿ ಕೇಳಿಸುತ್ತದೆ.

ಕಾಲೇಜು ಆಟಗಾರರ ಫಾರ್ಮ್ ಅಳೆಯುವುದನ್ನೇ ದೊಡ್ಡ ಉದ್ಯಮ ಮಾಡಿಕೊಂಡ ಅಮೆರಿಕದಲ್ಲಿ 2017ರಲ್ಲಿ ನಡೆದದ್ದು ನೆನಪಿಸಿಕೊಳ್ಳುವಂಥದ್ದು. ಆ ವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕೆಲ್ ಫುಲ್ಟ್ಸ್, ಎರಡನೆಯವ ಯುಸಿಎಲ್‌ಎಯ ಲಾಂಜೊ ಬಾಲ್. ಫುಲ್ಟ್ಸ್‌ನ ಶಾಟ್ ನಯವಾಗಿದೆ ಎಂದು ಹೊಗಳಿದರು. ಬಾಲ್‌ನದನ್ನು ಕಂಡು ನಕ್ಕರು: ಬಲಗೈಯವನಾಗಿದ್ದೂ ಚೆಂಡನ್ನು ಮುಖದ ಎಡಕ್ಕೆ ಒಯ್ದು ಅಲ್ಲಿಂದ ಅಡ್ಡಕ್ಕೆ ತಂದು ಬಿಡುತ್ತಿದ್ದ. ಕಾಲೇಜಿನಲ್ಲಿ ತ್ರೀ ಪಾಯಿಂಟ್ ಲೆಕ್ಕ ಇಬ್ಬರದೂ ಒಂದೇ, ಶೇ 41ರ ಆಸುಪಾಸು. ಫ್ರೀ ಥ್ರೋ ಲೆಕ್ಕವೂ ಹತ್ತಿರ ಹತ್ತಿರ, ಫುಲ್ಟ್ಸ್‌ನದು 64.9, ಬಾಲ್‌ನದು 67.3. ಅಂಥ ಶೂಟರ್‌ಗಳಿಗೆ ಎರಡೂ ಕಳಪೆ. ಎನ್‌ಬಿಎಯ ಮೊದಲ ವರ್ಷ ಬಾಲ್ ತ್ರೀ ಪಾಯಿಂಟ್‌ನಲ್ಲಿ ಶೇ 30.5ಕ್ಕೆ, ಫ್ರೀ ಥ್ರೋದಲ್ಲಿ 45.1ಕ್ಕೆ ಇಳಿದ. ನಯವಾದ ಶಾಟಿನ ಫುಲ್ಟ್ಸ್ ಆ ವರ್ಷ ಆಡಿದ್ದೇ 14 ಪಂದ್ಯ. ಅವನ ಶಾಟ್ ಗುರುತೇ ಸಿಗದ ಹಾಗೆ ಮುರಿದುಹೋಗಿತ್ತು, 2018ರ ಡಿಸೆಂಬರ್‌ನಲ್ಲಿ ಭುಜದ ನರದ ತೊಂದರೆ ಪತ್ತೆಯಾಯಿತು. ಚೆಂದದ ಫಾರ್ಮೂ ಎಡವಿತು, ವಿಕಾರದ ಫಾರ್ಮೂ ಎಡವಿತು. ಇಬ್ಬರ ಬಗ್ಗೆಯೂ ಎಚ್ಚರಿಸುತ್ತಿದ್ದದ್ದು ಯಾರೂ ರೋಮಾಂಚನಗೊಳ್ಳದ ಆ ಫ್ರೀ ಥ್ರೋ ಸಂಖ್ಯೆ. ಕಾಲೇಜಿನ ತ್ರೀ ಪಾಯಿಂಟ್ ಪ್ರಮಾಣಕ್ಕಿಂತ ಫ್ರೀ ಥ್ರೋ ಪ್ರಮಾಣವೇ ಮುಂದಿನ ಶೂಟಿಂಗ್ ಬಗ್ಗೆ ಹೆಚ್ಚು ಹೇಳುತ್ತದೆ ಎಂದು ಅಲ್ಲಿನ ವಿಶ್ಲೇಷಕರಲ್ಲಿ ಹಲವರು ಈಗ ಒಪ್ಪುತ್ತಾರೆ.

ಭಂಗಿಯ ಮೋಹ ಆಟಗಾರರನ್ನೂ ಬಿಟ್ಟಿಲ್ಲ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವಿಲ್ಟ್ ಚೇಂಬರ್ಲಿನ್ ಆ ದಿನ 32 ಫ್ರೀ ಥ್ರೋಗಳಲ್ಲಿ 28 ಹಾಕಿದ್ದ, ಎರಡೂ ಕೈಯಲ್ಲಿ ಕೆಳಗಿನಿಂದ ಚೆಂಡನ್ನು ತೂರಿ. ಆಮೇಲೆ ಆ ವಿಧಾನವನ್ನೇ ಬಿಟ್ಟ. ನೋಡಲು ನಾಚಿಕೆಯಾಗುತ್ತಿತ್ತೆಂದು ಮುಂದೆ ತಾನೇ ಒಪ್ಪಿಕೊಂಡ. ಅದೇ ವಿಧಾನವನ್ನು ಕೊನೆಯವರೆಗೂ ಬಿಡದ ರಿಕ್ ಬ್ಯಾರಿಯ ಲೆಕ್ಕ ಶೇ 90ರ ಹತ್ತಿರ. ಇಂದಿನ ಟ್ರಯಲ್ಸ್‌ನಲ್ಲಿ ಹುಡುಗನೊಬ್ಬ ಹಾಗೆ ಎಸೆದರೆ ಎರಡನೇ ಎಸೆತಕ್ಕೆ ಅವಕಾಶ ಸಿಗುವುದು ಅನುಮಾನ.

ಇಷ್ಟು ಹೇಳಿದ ಕೂಡಲೇ ಅಂಕಿಅಂಶದವರು ಗೆದ್ದೆವೆಂದು ಕುಣಿಯಬೇಕಿಲ್ಲ. ಅವರ ಚರಿತ್ರೆಯೂ ಅಷ್ಟೇನೂ ಶುಭ್ರವಲ್ಲ. 1985ರಲ್ಲಿ ಗಿಲೊವಿಚ್, ವ್ಯಾಲೋನ್, ಟ್ವೆರ್ಸ್ಕಿ ಎಂಬ ಮೂವರು ಸಂಶೋಧಕರು ಕಾರ್ನೆಲ್ ವಿಶ್ವವಿದ್ಯಾಲಯದ 26 ಆಟಗಾರ ಆಟಗಾರ್ತಿಯರಿಂದ ಖಾಲಿ ಕೋರ್ಟಿನಲ್ಲಿ ತಲಾ ನೂರರಷ್ಟು ಶಾಟ್ ಹೊಡೆಸಿದರು. ಒಂದು ಶಾಟ್ ಬಿದ್ದ ಬಿಸಿಯಲ್ಲಿ ಮುಂದಿನದೂ ಬೀಳುತ್ತದೆ ಎಂಬ ಕೋಚ್‌ಗಳ ನಂಬಿಕೆ ಭ್ರಮೆ ಎಂದು ಸಾರಿದರು. ಮೂವತ್ತು ವರ್ಷ ಕೋಚ್‌ಗಳು ನಗೆಪಾಟಲಾದರು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಎಂಬ ಸಂಶೋಧಕರು ಆ ಲೆಕ್ಕದೊಳಗೇ ಓರೆ ಇದೆಯೆಂದು ತೋರಿಸಿದರು. ನಾಣ್ಯವನ್ನು ಮೂರು ಸಲ ಚಿಮ್ಮಿ, ರಾಜನ ಮುಖ ಬಿದ್ದ ಮರುಸಲ ಮತ್ತೆ ರಾಜನೇ ಬೀಳುವ ಪ್ರಮಾಣವನ್ನು ಪ್ರತಿ ಸರಣಿಗೂ ಬೇರೆಬೇರೆಯಾಗಿ ಹಿಡಿದು ಸರಾಸರಿ ತೆಗೆದರೆ ಅರ್ಧ ಬರುವುದಿಲ್ಲ, ಹನ್ನೆರಡರಲ್ಲಿ ಐದು ಬರುತ್ತದೆ. ಆ ಓರೆ ತಿದ್ದಿದರೆ ಕಾರ್ನೆಲ್‌ನ ಹುಡುಗರ ಕೈ ನಿಜಕ್ಕೂ ಬಿಸಿಯಾಗುತ್ತಿತ್ತು. ಆದರೂ ಒಂದು ತಕರಾರು ಉಳಿಯುತ್ತದೆ. ಎದುರಿಗೆ ಡಿಫೆಂಡರ್ ಇಲ್ಲದ, ಪಾಸ್ ಕೆಟ್ಟದಾಗಿ ಬಾರದ, ಗಡಿಯಾರ ಓಡದ ಕೋರ್ಟಿನಲ್ಲಿ ಎಣಿಸಿದ್ದನ್ನು ಆಟದ ಗುಣವೆಂದು ಕರೆಯುವ ಧೈರ್ಯ ಎರಡೂ ಕಡೆಯವರಿಗೆ ಎಲ್ಲಿಂದ ಬಂತು?

ಫ್ರೀ ಥ್ರೋ ಕೂಡ ಡಿಫೆಂಡರ್ ಇಲ್ಲದ ಶಾಟೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದು ಓಡಿ, ಬಿದ್ದು, ಏದುಸಿರು ಬಿಡುವಾಗ ಒಂದೋ ಎರಡೋ ಸಿಗುವ ಶಾಟು, ಗೆಳೆಯ ಇಪ್ಪತ್ತು ಸಲ ಕೈಗಿಡುವಂಥದ್ದಲ್ಲ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು. ಅಂಥ ಪಂದ್ಯದಲ್ಲಿ ತಪ್ಪಿದ ಎರಡು ಫ್ರೀ ಥ್ರೋಗೆ ಇರುವ ತೂಕ ಯಾವ ಸಂಜೆಯ ಡ್ರಿಲ್‌ಗೂ ಬರುವುದಿಲ್ಲ.

ಫಾರ್ಮ್ ಪಂಡಿತರ ಪಾಲಿಗೂ ಒಂದು ಒಳ್ಳೆಯ ಸಾಕ್ಷಿ ಇದೆ, ಅದೂ ಅದೇ ಲಾಂಜೊ ಬಾಲ್. ನ್ಯೂ ಆರ್ಲಿಯನ್ಸ್‌ನಲ್ಲಿ ಶೂಟಿಂಗ್ ಕೋಚ್ ಫ್ರೆಡ್ ವಿನ್ಸನ್ ಆ ಅಡ್ಡಾದಿಡ್ಡಿ ಶಾಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಶೇ 41.7ಕ್ಕೆ ಬಿದ್ದಿದ್ದ ಫ್ರೀ ಥ್ರೋ ಎರಡೇ ಸೀಸನ್ನಿನಲ್ಲಿ 78.1ಕ್ಕೆ ಏರಿತು. ಅಂದರೆ ಕೈಯ ಹಾದಿ ತಿದ್ದಿದರೆ ಫಲ ಇದೆ. ಆದರೆ ವಿನ್ಸನ್ ಫಾರ್ಮ್ ಹಿಡಿದದ್ದು ರಿಪೇರಿಗೆ. ಕೊಡಗಿನಲ್ಲಿ ಅದನ್ನು ಹಿಡಿಯುವುದು ಜರಡಿಗೆ.

ಜರಡಿಯವರ ಸಮರ್ಥನೆ ಗೊತ್ತಿರುವುದೇ: ಟ್ರಯಲ್ಸ್‌ನಲ್ಲಿ ಒಬ್ಬನಿಗೆ ಹತ್ತು ಶಾಟ್ ಕೊಟ್ಟರೆ ಹೆಚ್ಚು, ಅಷ್ಟರಲ್ಲಿ ಎಣಿಕೆ ಏನು ಹೇಳೀತು, ಆದ್ದರಿಂದ ಫಾರ್ಮ್ ನೋಡುತ್ತೇವೆ. ಮೊದಲರ್ಧ ಅಪ್ಪಟ ಸತ್ಯ. ಶೇ 40ರ ಶೂಟರ್ ಹತ್ತರಲ್ಲಿ ಆರೋ ಅದಕ್ಕಿಂತ ಹೆಚ್ಚೋ ಹಾಕುವ ಸಾಧ್ಯತೆ ಆರರಲ್ಲಿ ಒಂದು. ಅವನೇ ಎರಡೋ ಅದಕ್ಕಿಂತ ಕಡಿಮೆಯೋ ಹಾಕುವ ಸಾಧ್ಯತೆಯೂ ಅಷ್ಟೇ. ಒಂದು ದಿನ ಹೀರೋ, ಮರುದಿನ ಬಸ್ಸಿನಲ್ಲಿ ವಾಪಸ್. ಆದರೆ ಹತ್ತು ಶಾಟಿನ ಬಡತನ ಟ್ರಯಲ್ಸ್ ನಡೆಸುವವರದ್ದು, ಕಾಲೇಜಿನದ್ದಲ್ಲ. ಹುಡುಗ ಮೂರು ವರ್ಷ ಕಣ್ಣೆದುರೇ ಆಡುತ್ತಾನೆ. ಪಂದ್ಯದ ಸ್ಕೋರ್‌ಶೀಟ್‌ನಲ್ಲಿ ಅವನು ಹಾಕಿದ ಪ್ರತಿ ಫ್ರೀ ಥ್ರೋ ದಾಖಲಾಗುತ್ತದೆ, ಟೂರ್ನಮೆಂಟ್ ಮುಗಿದ ಮೇಲೆ ಆ ಹಾಳೆ ಎತ್ತಿಡುವವರಿಲ್ಲ.

2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗುವವರೆಗೆ ಇಲ್ಲಿನ ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಯೂನಿವರ್ಸಿಟಿ ಟೀಮಿನ ಕನಸು ಕಂಡವರು ಘಟ್ಟ ಇಳಿಯಬೇಕಿತ್ತು. ಹೊಸ ವಿಶ್ವವಿದ್ಯಾಲಯಕ್ಕೆ ಹಳೇ ಚಾಳಿಗಳು ಇನ್ನೂ ಪೂರ್ತಿ ಅಂಟಿರಲಾರವು. ಕಳೆದ ಸೀಸನ್ನಿನ ಫ್ರೀ ಥ್ರೋ ಲೆಕ್ಕ ತಂದವರಿಗೆ ಮಾತ್ರ ಟ್ರಯಲ್ಸ್ ಎಂದು ಅದು ಒಂದು ಸುತ್ತೋಲೆ ಹೊರಡಿಸಲಿ. ಪಿ.ಡಿ.ಗಳು ಮೊದಲ ವರ್ಷ ಬೈಯುತ್ತಾರೆ, ಎರಡನೇ ವರ್ಷ ಸುಳ್ಳು ಲೆಕ್ಕ ಬರೆಯುತ್ತಾರೆ, ಮೂರನೇ ವರ್ಷ ಹುಡುಗರೇ "ಸರ್, ನಂದು ಹದಿನೇಳಲ್ಲ, ಹತ್ತೊಂಬತ್ತು" ಎಂದು ಜಗಳ ತೆಗೆಯುತ್ತಾರೆ.